ಸವೆತ ಮತ್ತು ಕಿಲುಬು: ಒಂದು ಹಿತ್ತಾಳೆ ರೇಜರಿನ ಓದು

ಕನ್ನಡದ ಪ್ರಬಂಧಗಳಲ್ಲಿ ಈಗ ಹಳೆಯ ಸಾಮಾನಿನ ಪ್ರಬಂಧ ಎಂದೇ ಒಂದು ಬಗೆ ನೆಲೆ ನಿಂತಿದೆ. ಅಜ್ಜನ ಕೈಗಡಿಯಾರ, ಅಟ್ಟದ ಮೇಲಿನ ಹಂಡೆ, ಕಿವಿ ಹಿಂಡಿದರೆ ಮಾತ್ರ ಹಾಡುವ ರೇಡಿಯೊ. ಇವುಗಳಲ್ಲಿ ಬಹುಪಾಲಿನ ದಾರಿ ಒಂದೇ: ವಸ್ತು ಸಿಗುತ್ತದೆ, ಧೂಳು ಒರೆಸುತ್ತಾರೆ, ಸತ್ತವರು ನೆನಪಾಗುತ್ತಾರೆ, ವಸ್ತುವಿನ ಮುಪ್ಪಿನಲ್ಲಿ ಒಂದು ಘನತೆ ಕಾಣುತ್ತದೆ. ಈ ಘನತೆಯ ಬಗ್ಗೆ ನನಗೆ ತಕರಾರಿದೆ. ಗಾಳಿಯಲ್ಲಿ ಜಗಳ ಆಡುವುದಕ್ಕಿಂತ ನಾನು ದಿನವೂ ಬಳಸುವ ಒಂದು ಹಿತ್ತಾಳೆ ರೇಜರನ್ನು ಮುಂದಿಟ್ಟುಕೊಂಡು ಆಡುವುದು ಮೇಲು.

ಅದು ನನ್ನ ಅಜ್ಜನದಲ್ಲ. ಗದಗಿನಲ್ಲಿ ಹಳೆಯ ತಾಮ್ರ-ಹಿತ್ತಾಳೆ ಕೊಳ್ಳುವ ಅಂಗಡಿಯೊಂದರಲ್ಲಿ ತಳ ಹೋದ ಚೊಂಬುಗಳ ರಾಶಿಯೊಳಗಿತ್ತು. ತೂಕದ ಲೆಕ್ಕದಲ್ಲಿ ಕೊಂಡೆ. ಯಾರ ಅಜ್ಜನದೋ. ಮೂರು ತುಂಡಿನದು: ಬಾಗಿದ ಮುಚ್ಚಳ, ಅದರ ಕೆಳಗೆ ಬಾಚಣಿಗೆ ಹಲ್ಲಿನಂಥ ಅಂಚಿರುವ ತಟ್ಟೆ, ಗೆರೆ ಕೊರೆದ ಹಿಡಿ. ಹಿಡಿ ತಿರುವಿದರೆ ನಡುವಿನ ಬ್ಲೇಡು ಮುಚ್ಚಳದ ಬಾಗಿಗೆ ತಕ್ಕಂತೆ ಬಾಗಿ ಬಿಗಿಯಾಗುತ್ತದೆ. ಬ್ಲೇಡಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಬಾಗಿದಾಗ ಮಾತ್ರ ಅದಕ್ಕೆ ಬಿಗುವು. ಇಷ್ಟೇ ಯಂತ್ರ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇದಕ್ಕೆ ಪೇಟೆಂಟ್ ಪಡೆದದ್ದು 1904ರಲ್ಲಿ. ಅದಕ್ಕೂ ಹಿಂದಿನ ವರ್ಷ, ಮಾರಾಟ ಶುರುವಾದಾಗ, ಹೋದದ್ದು 51 ರೇಜರು, 168 ಬ್ಲೇಡು. ಆ ಕಾಲದ ರೇಜರುಗಳ ಮೈ ಹಿತ್ತಾಳೆಯದು, ಮೇಲೆ ಬೆಳ್ಳಿಯ ಇಲ್ಲವೇ ಚಿನ್ನದ ಗಿಲೀಟು. (ಆತನ ಹೆಸರಿಗೂ ನಮ್ಮ ಗಿಲೀಟಿಗೂ ಸಂಬಂಧವಿಲ್ಲ, ಕಿವಿಗೆ ಮಾತ್ರ ಇದೆ.) ಹಿತ್ತಾಳೆ ಆಗ ಒಳಗೆ ಅಡಗಿರಬೇಕಾದ ಲೋಹ, ಅದು ಹೊರಗೆ ಕಂಡರೆ ಗಿಲೀಟು ಹೋಯಿತು ಎಂದರ್ಥ. ಈಗ ಹವ್ಯಾಸಿಗಳಿಗಾಗಿ ಬರಿಮೈ ಹಿತ್ತಾಳೆಯ ರೇಜರುಗಳನ್ನು ದುಬಾರಿ ಬೆಲೆಗೆ ಮಾರುತ್ತಾರೆ, ಅದು ಕಪ್ಪಾಗಲಿ ಎಂದೇ ಕೊಳ್ಳುವವರಿದ್ದಾರೆ. ಈ ಕಪ್ಪಿಗೆ ಇಂಗ್ಲಿಷಿನಲ್ಲಿ ಪಟಿನಾ ಎಂಬ ಒಳ್ಳೆಯ ಹೆಸರಿದೆ.

ಕನ್ನಡದಲ್ಲಿ ಇಲ್ಲ. ಕಿಲುಬು, ಕಿಟ್ಟ, ಮಾಸು, ಮಂಕು. ಇವುಗಳಲ್ಲಿ ಒಂದನ್ನಾದರೂ ಹೊಗಳಿಕೆಯಾಗಿ ಬಳಸಲು ಬರುವುದಿಲ್ಲ. ಕಿಲುಬು ಹಿಡಿದ ಪಾತ್ರೆಯಲ್ಲಿ ಮಜ್ಜಿಗೆ ಕೆಡುತ್ತದೆ, ಹುಳಿ ವಿಷವಾಗುತ್ತದೆ. ಆದ್ದರಿಂದ ಒಳಗೆ ಕಲಾಯಿ, ಹೊರಗೆ ಹುಣಸೆಹಣ್ಣು. ತಾಮ್ರ-ಸತುವಿನ ಈ ಲೋಹದ ಮೇಲೆ ಗಾಳಿ ನೀರು ಕಟ್ಟುವ ಪದರನ್ನು ಹುಣಸೆಯ ಆಮ್ಲ ಕರಗಿಸಿ ತೆಗೆಯುತ್ತದೆ, ಬೂದಿ ಉಳಿದದ್ದನ್ನು ಉಜ್ಜುತ್ತದೆ. ಈ ಕೆಲಸಕ್ಕೆ ಕನ್ನಡ ಇಟ್ಟ ಹೆಸರು ಬೆಳಗುವುದು. ದೀಪಕ್ಕೂ ಅದೇ, ಪಾತ್ರೆಗೂ ಅದೇ.

ರೇಜರು ನನ್ನ ಕೈಗೆ ಬಂದ ಮೇಲೆ ಅದರ ಬಣ್ಣ ಬದಲಾಗುವುದನ್ನು ಕೆಲವು ತಿಂಗಳು ಸುಮ್ಮನೆ ನೋಡಿದೆ. ಮೊದಲು ಹೊಸ ಬೆಲ್ಲದ ಬಣ್ಣ, ಆಮೇಲೆ ಹಳೆಯ ಬೆಲ್ಲದ್ದು. ಹಿಡಿಯ ಗೆರೆಗಳ ಸಂದಿಯಲ್ಲಿ, ಸೋಪು ನಿಲ್ಲುವಲ್ಲಿ, ಹಸಿರು. ಬೆರಳು ದಿನಾ ಕೂರುವ ಎರಡು ಜಾಗ ಮಾತ್ರ ಹೊಳಪಾಗೇ ಉಳಿದವು. ನಮ್ಮ ಸೂಡಿಯ ಕಡೆ ಬೋರಿನ ನೀರು ಸವಳು. ಅದರ ಸುಣ್ಣದಂಶ ಸೋಪಿನ ಜೊತೆ ಸೇರಿ ಹಾಲು ಒಡೆದಂತಾಗುತ್ತದೆ, ನೊರೆ ಏಳುವುದಿಲ್ಲ. ನೊರೆ ಇಲ್ಲದೆ ಈ ರೇಜರು ನಡೆಯದು. ಪ್ಲಾಸ್ಟಿಕ್ಕಿನ ಹಗುರ ರೇಜರಿನಲ್ಲಿ ಕೈ ಒತ್ತುತ್ತದೆ. ಇದರಲ್ಲಿ ತೂಕವೇ ಕೆಲಸ ಮಾಡಬೇಕು, ಕೈ ಬರೀ ಕೋನ ಕಾಯಬೇಕು, ಕೆನ್ನೆಗೆ ಸುಮಾರು 30 ಡಿಗ್ರಿ. ಒತ್ತಿದರೆ ರಕ್ತ. ಕೋನ ಸರಿಯಾಗಿದ್ದರೆ ಒಣಗಿದ ಜೋಳದ ರವದಿಯ ಮೇಲೆ ಕಾಲಿಟ್ಟಂಥ ಒಂದು ಸಣ್ಣ ಸದ್ದು ಕೇಳುತ್ತದೆ, ಸದ್ದು ನಿಂತರೆ ಕೋನ ತಪ್ಪಿತು. ಹೀಗಾಗಿ ನೊರೆಗೆ ಮಾತ್ರ ನಾನು 5 ರೂಪಾಯಿ ನಾಣ್ಯ ಹಾಕಿ ಕೊಡ ತುಂಬಿಕೊಳ್ಳುವ ಶುದ್ಧ ನೀರಿನ ಘಟಕದ ನೀರು ಬಳಸುತ್ತೇನೆ. ತೊಳೆಯುವುದು ಸವಳಿನಲ್ಲೇ. ಬಿಳಿ ಕಲೆಗಳು ಅಲ್ಲಿಂದ ಬಂದವು.

ಒಂದು ಹಬ್ಬದ ಹಿಂದಿನ ದಿನ ಅವ್ವ ದೇವರ ಸಾಮಾನು ಬೆಳಗಲು ಕೂತಾಗ ಅದನ್ನು ನೋಡಿದಳು.

"ಏನೋ ಇದು, ಇಷ್ಟು ಕಿಲುಬು ಹಿಡದೈತಿ, ಇದನ್ನ ಮಾರಿಗೆ ಹಚ್ಚಿಕೊಳ್ತೀಯಲ್ಲೋ?"

"ಇರಲಿ ಬಿಡವಾ, ಹಂಗ ಆಗಲಿ ಅಂತನ ಬಿಟ್ಟೇನಿ. ಚಂದ ಕಾಣತೈತಿ."

"ಚಂದ ಅಂತ! ತಿಕ್ಕೋರು ಇಲ್ಲದ ಮನ್ಯಾಗ ಇರತೈತಿ ಇಂಥಾ ಚಂದ."

ಅವಳು ಅದನ್ನು ಬೆಳಗಿಬಿಟ್ಟಳು. ತಿಂಗಳುಗಳ ಬಣ್ಣ ಐದು ನಿಮಿಷದಲ್ಲಿ ಹೋಯಿತು. ನನಗೆ ಬೇಜಾರಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳ ಆ ಒಂದು ವಾಕ್ಯ ನಾನು ಓದಿದ ಹಳೆಯ ಸಾಮಾನಿನ ಪ್ರಬಂಧಗಳಷ್ಟಕ್ಕೂ ಸಾಕಾಗುವ ವಿಮರ್ಶೆ. ಆ ಪ್ರಬಂಧಗಳಲ್ಲಿ ವಸ್ತುವಿನ ಮೇಲೆ ಕಾಲ ಕೆಲಸ ಮಾಡುತ್ತದೆ. ಕಾಲ ಎಂದರೆ ಯಾರು? ಅಜ್ಜಿಯ ಹಂಡೆ ಎಪ್ಪತ್ತು ವರ್ಷ ಉಳಿದದ್ದು ಎಪ್ಪತ್ತು ವರ್ಷ ಯಾರೋ ಬೂದಿ ಹುಣಸೆ ಹಿಡಿದು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತದ್ದರಿಂದ. ಪ್ರಬಂಧಕಾರನಿಗೆ ಹಂಡೆ ಸಿಗುವುದು ಆ ಕೂರುವುದು ನಿಂತ ಮೇಲೆ, ಕಪ್ಪಾದ ಮೇಲೆ. ಅವನು ಕಪ್ಪನ್ನು ಇತಿಹಾಸ ಎಂದು ಓದುತ್ತಾನೆ. ಅವ್ವ ಓದುವುದು ಬೇರೆ: ಕೆಲಸ ನಿಂತ ತಾರೀಖು.

ಮುಪ್ಪಿನಲ್ಲಿ ಎರಡು ಬಗೆ ಇದೆ ಎಂದು ನನಗೆ ತೋರುತ್ತದೆ. ಒಂದು ಮೇಲೆ ಕೂರುವ ಮುಪ್ಪು, ಇನ್ನೊಂದು ಕಳೆದುಕೊಳ್ಳುವ ಮುಪ್ಪು. ಸಂಗ್ರಹಾಲಯಗಳು ಮೆಚ್ಚುವುದು ಮೊದಲನೆಯದನ್ನು. ನಮ್ಮ ಮನೆಗಳ ಹಿತ್ತಾಳೆ ಮುದಿಯಾಗುವುದು ಎರಡನೆಯ ದಾರಿಯಲ್ಲಿ. ಹಳ್ಳಿಯ ದೇವರ ಹಿತ್ತಾಳೆ ಮುಖಗಳನ್ನು ನೋಡಿ: ಹಬ್ಬ ಹಬ್ಬಕ್ಕೂ ತಿಕ್ಕಿ ತಿಕ್ಕಿ ಮೂಗು ಚಪ್ಪಟೆಯಾಗಿ, ತುಟಿಯ ಗೆರೆ ಹೋಗಿ, ಕಣ್ಣು ಎರಡು ಉಬ್ಬುಗಳಾಗಿ ಉಳಿದಿರುತ್ತವೆ. ಮೈ ಮಾತ್ರ ನಿನ್ನೆ ಎರಕ ಹೊಯ್ದಂತೆ ಥಳಥಳ. ಇದಕ್ಕೆ ಕನ್ನಡದಲ್ಲಿ ಮಾತಿದೆ: ಸವೆತ, ಸವಕಲು. ಸೂಡಿಯಂಥ ಊರಲ್ಲಿ ಈ ಮಾತಿಗೆ ವಿಶೇಷ ತೂಕ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ಕಿಸುಕಾಡು ಎಪ್ಪತ್ತರ ದೊಡ್ಡ ಊರು. ಅಕ್ಕಾದೇವಿ ಆಳಿದ ನಾಡು, ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದ ಜಾಗ. ನಾಣ್ಯ ಸವೆಯುವುದು ಕೈಯಿಂದ ಕೈಗೆ ಹೋದರೆ. ಹೂತಿಟ್ಟದ್ದು ಸವೆಯದು, ಕಿಲುಬು ಹಿಡಿಯುತ್ತದೆ. ಜೋಡು ಕಳಸದ ಗುಡಿಯಲ್ಲೂ ನಾಗಕುಂಡದ ಮೆಟ್ಟಿಲುಗಳಲ್ಲೂ ಎರಡೂ ಬಗೆಯ ಮುಪ್ಪನ್ನು ಅಕ್ಕಪಕ್ಕ ನೋಡಬಹುದು: ಕೈಗೆಟುಕದ ಕೆತ್ತನೆಯ ಮೇಲೆ ಕಪ್ಪು ಕೂತಿದೆ, ಕಾಲು ಬೀಳುವ ಕಲ್ಲು ನುಣ್ಣಗಾಗಿದೆ. ಪ್ರವಾಸಿಗರ ಫೋಟೋಗಳಲ್ಲಿ ಬರುವುದು ಮೊದಲಿನದು.

ನಾವು ವಿಮರ್ಶೆ ಬರೆಯುವವರು ಸವಕಲು ಎಂಬುದನ್ನು ಬೈಗುಳವಾಗಿಯೇ ಬಳಸುತ್ತ ಬಂದಿದ್ದೇವೆ. ಸವಕಲು ಪ್ರತಿಮೆ, ಸವಕಲು ಭಾಷೆ. ಬಹಳ ಕೈ ದಾಟಿದ್ದು ಎಂಬ ಅರ್ಥ ಅದರಲ್ಲಿ ಮುಚ್ಚಿಹೋಗಿದೆ. ಹಾಗೆ ನೋಡಿದರೆ ಕ್ಷೌರಕ್ಕೆ ಸಂಬಂಧಿಸಿದ ಮಾತುಗಳಲ್ಲೇ ಒಂದು ಸವೆದಿದೆ, ಇನ್ನೊಂದು ಕಿಲುಬು ಹಿಡಿದಿದೆ. ಹಡಪ ಎಂದರೆ ಎಲೆಅಡಿಕೆಯ ಚೀಲ. ಕ್ಷೌರದ ಸಾಮಾನಿನ ಚೀಲವೂ ಹಡಪವೇ. ಬಸವಣ್ಣನವರ ಹಡಪ ಹಿಡಿದಿದ್ದ ಅಪ್ಪಣ್ಣ ವಚನಕಾರ, ಅವನ ಹೆಂಡತಿ ಲಿಂಗಮ್ಮ ವಚನಕಾರ್ತಿ. ನಮ್ಮ ಕಡೆಯ ಕ್ಷೌರಿಕ ಸಮುದಾಯ ಹಡಪದ ಎಂಬ ಹೆಸರನ್ನು ಆ ಹಿರಿಯನಿಂದ ಪಡೆದು ತಲೆ ಎತ್ತಿ ಹೇಳುತ್ತದೆ. ಚೀಲದಲ್ಲಿ ಎಲೆಯಿತ್ತೋ ಕತ್ತಿಯಿತ್ತೋ ಎಂದು ಪಂಡಿತರು ಚರ್ಚಿಸಲಿ. ಎರಡು ಅರ್ಥಗಳ ನಡುವಿನ ಗೋಡೆ ಬಳಕೆಯಲ್ಲಿ ಸವೆದು ಹೋಗಿದೆ, ಅದರಿಂದ ಒಳ್ಳೆಯದೇ ಆಗಿದೆ. ಹಜಾಮ ಎಂಬ ಮಾತು ತಿರುಗಾ ಮುರುಗಾ. ಕಸುಬಿನ ಹೆಸರಾಗಿ ಬಂದದ್ದು ನಮ್ಮ ಬಾಯಲ್ಲಿ ಬೈಗುಳವಾಯಿತು. ತಿಕ್ಕಿ ತೆಗೆಯುವ ಹುಣಸೆ ಅದಕ್ಕೆ ಸಿಗಲಿಲ್ಲ. ಸಮುದಾಯ ಆ ಮಾತನ್ನೇ ಬಿಡಿ ಎಂದು ಕೇಳಿತು. ಸರಿಯಾಗೇ ಕೇಳಿತು.

ಇಲ್ಲಿಗೆ ಬಂದಾಗ ರೇಜರು ನಿರುಪದ್ರವಿ ಹಳೆಯ ಸಾಮಾನಾಗಿ ಉಳಿಯುವುದಿಲ್ಲ. ಕನ್ನಡ ಕಥನದಲ್ಲಿ ಕ್ಷೌರದ ಕತ್ತಿ ದೊಡ್ಡದಾಗಿ ಬಂದ ಕಡೆಗಳನ್ನು ನೆನೆಯಿರಿ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಬಾಲವಿಧವೆಯೊಬ್ಬಳ ಬೋಳಿಸಿದ ತಲೆಯ ಕಥೆ. ಅದರಲ್ಲಿ ಫಣಿಯಮ್ಮ ತನ್ನ ಮುಪ್ಪಿನಲ್ಲಿ, ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ಗಿರೀಶ ಕಾಸರವಳ್ಳಿ ಅನಂತಮೂರ್ತಿಯವರ ಕಥೆಯಿಂದ ಮಾಡಿದ 'ಘಟಶ್ರಾದ್ಧ' (1977) ಕೊನೆಗೆ ನಮ್ಮ ಮುಂದೆ ಬಿಟ್ಟು ಹೋಗುವುದು ಯಮುನಕ್ಕನ ಬೋಳುತಲೆ. ಎರಡರಲ್ಲೂ ಕತ್ತಿ ಇನ್ನೊಬ್ಬರ ಕೈಯಲ್ಲಿ, ತಲೆ ಬೇಡ ಎನ್ನಲಾರದವರದ್ದು. ಕತ್ತಿ ಹಿಡಿದವನಿಗೂ ಬೇಡ ಎನ್ನುವ ಹಕ್ಕಿಲ್ಲ, ಅವನು ಆಯದ ಜೋಳಕ್ಕೆ ಕಟ್ಟುಬಿದ್ದವನು. ಅವನ ಕಡೆಯಿಂದ ಆ ದೃಶ್ಯ ಹೇಗೆ ಕಂಡೀತು ಎಂದು ಈ ಕೃತಿಗಳು ಕೇಳಲು ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಅದು ಅವುಗಳಲ್ಲಿ ಉಳಿದ ಖಾಲಿ ಜಾಗ.

ಗಂಡಸು ತನ್ನ ಮುಖವನ್ನು ತಾನೇ ಬೋಳಿಸಿಕೊಳ್ಳುವುದೋ, ನಮ್ಮ ಕಥೆಗಳಲ್ಲಿ ಬೆಳಗಾಯಿತು ಎಂದು ಹೇಳುವ ಒಂದು ವಾಕ್ಯ. ಆ ವಾಕ್ಯದ ಹಿಂದೆ ದೊಡ್ಡ ಬದಲಾವಣೆಯೇ ಇದೆ. ಮನೆಯೊಳಗೆ ರೇಜರು ಬಂದದ್ದರಿಂದ ಮಡಿವಂತನಿಗೆ ಕ್ಷೌರಿಕನ ಮುಟ್ಟು ತಪ್ಪಿತು, ಕ್ಷೌರಿಕನಿಗೆ ಆಯ ತಪ್ಪಿತು. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಈಗಲೂ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ಊರಿನಲ್ಲಿ ಸ್ವಂತ ರೇಜರು ಇರುವುದಕ್ಕೆ ಇನ್ನೊಂದೇ ಅರ್ಥ. ಒಂದೇ ವಸ್ತು ಒಬ್ಬನಿಗೆ ಮಡಿ ಕಾಯಿತು, ಇನ್ನೊಬ್ಬನಿಗೆ ಮಾನ ಕಾಯಿತು. ತೂಕಕ್ಕೆ ಕೊಂಡ ನನ್ನ ರೇಜರು ಇವರಲ್ಲಿ ಯಾರ ಮನೆಯದು ಎಂದು ಹಿಡಿಯ ಮೇಲಿನ ಯಾವ ಗೀರೂ ಹೇಳುವುದಿಲ್ಲ. ಅದನ್ನು ಸುಮ್ಮನೆ ಯಾರೋ ಅಜ್ಜನದು ಎಂದು ಕರೆದು ಮುಂದೆ ಹೋದರೆ ಪ್ರಬಂಧ ಸಲೀಸಾಗುತ್ತದೆ.

ತಿಂಗಳಿಗೊಮ್ಮೆ ತಲೆಗೂದಲಿಗೆ ನಾನು ಹೋಗುವ ಅಂಗಡಿಯವರಿಗೆ ಈ ರೇಜರು ತೋರಿಸಿದ್ದೆ. ಕೈಯಲ್ಲಿ ತೂಗಿ ನೋಡಿದರು.

"ಭಾಳ ಛಲೋ ಐತ್ರಿ ಸರ. ಆದ್ರ ನೀವೆಲ್ಲಾ ಇದ್ರಾಗ ಮಾಡಿಕೊಂಡ್ರ ನಮ್ಮ ಹೊಟ್ಟಿ?" ಎಂದು ನಕ್ಕರು.

ಅವರ ಕತ್ತಿಯೊಳಗೆ ಇರುವುದೂ ಇದೇ ಬ್ಲೇಡಿನ ಅರ್ಧ. ಕಾಗದದಲ್ಲಿರುವಾಗಲೇ ಎರಡು ಬೆರಳಲ್ಲಿ ಮಡಚಿ ಟಕ್ಕನೆ ಎರಡು ಮಾಡುತ್ತಾರೆ, ಒಂದು ಗಿರಾಕಿಗೆ ಒಂದು ಅರ್ಧ. ಮಸೆಯುವ ಕತ್ತಿ, ಚರ್ಮದ ಪಟ್ಟಿ ಅವರ ತಂದೆಯ ಕಾಲಕ್ಕೇ ನಿಂತವಂತೆ. ನಾನು ಒಂದು ಬ್ಲೇಡನ್ನು ನಾಲ್ಕು ಸಲ ಬಳಸುತ್ತೇನೆ ಎಂದಾಗ ಅವರಿಗೆ ಅಸಮಾಧಾನವೇ ಆಯಿತು.

ಅವ್ವ ಈಗ ಹಬ್ಬ ಬಂದಾಗಲೆಲ್ಲ ದೇವರ ಸಾಮಾನಿನ ಜೊತೆ ಅದನ್ನೂ ಕೇಳುತ್ತಾಳೆ. ಹುಣಸೆ ಕಿವುಚಿ ನಾನೇ ತಿಕ್ಕುತ್ತೇನೆ, ಅವಳು ಪಕ್ಕದಲ್ಲಿ ಕೂತು ಆರತಿ ತಟ್ಟೆ ನೋಡಿಕೊಳ್ಳುತ್ತಾಳೆ. ಹಿಡಿಯ ಗೆರೆಗಳು ಮೊದಲಿಗಿಂತ ಆಳ ಕಡಿಮೆಯಾಗಿವೆ, ಒದ್ದೆ ಕೈಯಲ್ಲಿ ಜಾರುತ್ತದೆ. ಒಳಗಿನ ಸುರುಳಿಯೂ ಸಡಿಲಾಗಿದೆ. ಬಿಗಿ ಮಾಡಿದರೂ ಕೂದಲೆಳೆಯಷ್ಟು ಆಡುತ್ತದೆ. ಗಜೇಂದ್ರಗಡದ ಸಂತೆಗೆ ಹೋದಾಗ ಲೇತಿನವರಿಗೆ ತೋರಿಸಬೇಕು.