ಕೇಳದೇ ಉಳಿದ ಪ್ರಶ್ನೆ

ಡಾರ್ಡೆನ್ ಸೋದರರ ‘ಟೋರಿ ಅಂಡ್ ಲೋಕಿಟಾ’ (2022) ಶುರುವಾಗೋದೇ ಒಂದು ವಿಚಾರಣೆಯಿಂದ. ಕ್ಯಾಮೆರಾ ಲೋಕಿಟಾಳ ಮುಖದ ಮೇಲೇ ನಿಂತಿರುತ್ತೆ. ಟೋರಿ ನಿನ್ನ ತಮ್ಮ ಅಂತ ಹೇಗೆ ಗುರುತು ಹಿಡಿದೆ ಅಂತ ಬೆಲ್ಜಿಯಂನ ಅಧಿಕಾರಿ ಕೇಳ್ತಾರೆ. ಅವಳು ತಡವರಿಸ್ತಾಳೆ. ಅವನು ತಮ್ಮನಲ್ಲ, ಅವಳು ಕ್ಯಾಮೆರೂನಿನವಳು, ಅವನು ಬೆನಿನ್ ದೇಶದ ಹುಡುಗ.

ನಾನು ಫಾರ್ಮ್‌ಗಳಿಗೆ ಕೋಡ್ ಬರೆಯೋನು. ಒಂದು ಕಾಲಂ ತಾಳೆಯಾಗದಿದ್ರೆ ಅರ್ಜಿ ವಾಪಸ್. ಯಾಕೆ ತಾಳೆಯಾಗಲಿಲ್ಲ ಅಂತ ಕೋಡ್ ಕೇಳಲ್ಲ. ಇಲ್ಲೂ ಅಷ್ಟೇ. ಸುಳ್ಳು ಸಿಕ್ಕಿತು, ಅದರ ಹಿಂದಿನ ಸಾಲ ಸಿಗಲಿಲ್ಲ. ಸಾಲ ಅಂದ್ರೆ ಕಾಲಿಗೆ ಕಟ್ಟಿದ ಹಗ್ಗ ಅಂತ ಹಳ್ಳಿಯಲ್ಲಿ ಬೆಳೆದೋರಿಗೆ ಹೇಳಿಕೊಡಬೇಕಿಲ್ಲ. ಕರೆತಂದ ದಲ್ಲಾಳಿಗಳು ಅವಳ ದುಡ್ಡು ಕಿತ್ಕೊಳ್ತಾರೆ, ಹೋಟೆಲಿನ ಅಡುಗೆಯವನು ಮಾದಕವಸ್ತು ಮಾರಿಸ್ತಾನೆ. ಕೊನೆಗೆ ನಕಲಿ ಕಾಗದದ ಆಸೆ ತೋರಿಸಿ ಗಾಂಜಾ ಬೆಳೆಯೋ ಗೋದಾಮಿನಲ್ಲಿ ಕೂಡಿಹಾಕ್ತಾರೆ.

ಇಷ್ಟನ್ನೂ ಅಬ್ಬರವಿಲ್ಲದೆ ತೋರಿಸಿದ್ದು ಚಿತ್ರದ ಗೆಲುವು. ಆದರೂ ನನ್ನದೊಂದು ತಕರಾರಿದೆ. ಮಾನವ ಕಳ್ಳಸಾಗಣೆಗೆ ಸಿಕ್ಕವರಿಗೆ ಬೆಲ್ಜಿಯಂನಲ್ಲಿ ಬೇರೆಯೇ ಬಾಗಿಲಿದೆ: ವಯಸ್ಕರಿಗೆ ಯೋಚಿಸಲು 45 ದಿನ, ಒಂಟಿಯಾಗಿ ಬಂದ ಅಪ್ರಾಪ್ತರಿಗೆ 3 ತಿಂಗಳ ಪರವಾನಗಿ, ಜೊತೆಗೆ ವಿಶೇಷ ಕೇಂದ್ರದ ಆಸರೆ. ಷರತ್ತೂ ಇದೆ. ದುಡಿಸಿಕೊಂಡವರ ಸಂಪರ್ಕ ಬಿಡಬೇಕು, ತನಿಖೆಗೆ ಸಹಕರಿಸಬೇಕು. ಊರಲ್ಲಿ ಅಮ್ಮ ದುಡ್ಡಿಗೆ ಕಾಯ್ತಿರೋ ಹುಡುಗಿ ಇದಕ್ಕೆ ಒಪ್ತಿದ್ದಳಾ? ಚಿತ್ರ ಆ ಬಾಗಿಲಿನ ಹತ್ತಿರವೇ ಹೋಗಲ್ಲ. ಹಾಗಾಗಿ, ಕಾಗದ ಸಿಕ್ಕಿದ್ದರೆ ಎಲ್ಲ ಸರಿಹೋಗ್ತಿತ್ತು ಅನ್ನೋ ಸಂಕಟದಲ್ಲೇ ಮುಗಿಯುತ್ತೆ.

ನನ್ನನ್ನ ಕಾಡಿದ್ದು ಮೊದಲ ದೃಶ್ಯವೇ. ‘ಯಾರಿಗೆ ದುಡ್ಡು ಕೊಡಬೇಕಮ್ಮಾ ನೀನು?’ ಅಂತ ಒಬ್ಬರಾದರೂ ಅಲ್ಲಿ ಕೇಳಬೇಕಿತ್ತು.