ಗಡಿವಾದದಲ್ಲಿ ಇತಿಹಾಸದ ಸಾಕ್ಷಿ



1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಂದಿನಿಂದಲೂ ಬೆಳಗಾವಿಯ ಗಡಿವಾದ ನಡೆದೇ ಇದೆ. ಎರಡೂ ಕಡೆಯ ಮುಂದಾಳುಗಳು ವೇದಿಕೆಯೇರಿದಾಗಲೆಲ್ಲ ಇತಿಹಾಸವನ್ನು ಸಾಕ್ಷಿಗೆ ಕರೆಯುತ್ತಾರೆ. ಅವರು ಮರಾಠರ ಆಳ್ವಿಕೆಯನ್ನು ಮುಂದಿಟ್ಟರೆ, ನಮ್ಮವರು ಚಾಲುಕ್ಯರನ್ನೂ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಸಾರಿದ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನೂ ಮುಂದಿಡುತ್ತಾರೆ. ಈ ಸಾಕ್ಷಿ ಎಷ್ಟು ಗಟ್ಟಿಯೆಂಬುದನ್ನು ನಮ್ಮ ಸೀಮೆಯ ಊರುಗಳನ್ನೇ ಒರೆಗಲ್ಲಾಗಿಟ್ಟು ನೋಡೋಣ.

ಜಮಖಂಡಿಯನ್ನು ಆಳಿದವರು ಪಟವರ್ಧನರು. ಮುಧೋಳವನ್ನು ಆಳಿದವರು ಘೋರ್ಪಡೆಯವರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಇಂದು ಒಂದೇ ಹೆಸರಿನಲ್ಲಿ ಬೆಸೆದುಕೊಂಡಿರುವ ರಬಕವಿ-ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ದರಬಾರದ ನುಡಿ ಮರಾಠಿಯಾಗಿದ್ದರೂ ಹೊಲದ, ಮಗ್ಗದ, ಸಂತೆಯ ನುಡಿ ಕನ್ನಡವೇ ಆಗಿತ್ತು. ಅರಸನ ಮನೆತನವೇ ನೆಲದ ಹಕ್ಕುಪತ್ರವೆಂದಾದರೆ ಈ ಊರುಗಳನ್ನು ಮಹಾರಾಷ್ಟ್ರವು ಮೊದಲು ಕೇಳಬೇಕಿತ್ತು. ಆದರೆ ಅದರ ಬೇಡಿಕೆಯ ಪಟ್ಟಿಯಲ್ಲಿ ಜಮಖಂಡಿಯಾಗಲಿ ಮುಧೋಳವಾಗಲಿ ಇಲ್ಲ. ಜನರ ನುಡಿಯ ಮುಂದೆ ಅರಸರ ವಂಶಾವಳಿ ನಿಲ್ಲದೆಂಬುದು ಬೇಡಿಕೆ ಬರೆದವರಿಗೂ ತಿಳಿದಿತ್ತು. ಮೇಲಾಗಿ, ‘ಮರಾಠರ ಆಳ್ವಿಕೆ’ ಎಂಬುದೂ ಒಂದೇ ಎಳೆಯದಲ್ಲ. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯ ಸೆರೆಯಲ್ಲಿ ಆದಿಲಶಾಹಿಯ ಪರವಾಗಿ ಕೈಗೂಡಿಸಿದವನು ಮುಧೋಳದ ಬಾಜಿ ಘೋರ್ಪಡೆಯೇ.

ಇದೇ ಒರೆಗಲ್ಲಿಗೆ ನಮ್ಮ ಮಾತನ್ನೂ ಹಚ್ಚಬೇಕಲ್ಲವೇ? ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಬಗೆಗೆ ನಾವು ಹೆಮ್ಮೆಪಡುವುದು ಯುಕ್ತ. ಬಸವಣ್ಣನವರು ಬಾಳಿದ ಮಂಗಳವೇಢೆಯೂ ಸಿದ್ಧರಾಮರ ಸೊನ್ನಲಿಗೆಯೂ ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿವೆ; ಅವುಗಳ ಮೇಲೆ ನಮಗೆ ಭಕ್ತಿಯಿರುವುದೂ ಸಹಜ. 2022ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಸೋಲಾಪುರ, ಅಕ್ಕಲಕೋಟೆಗಳ ಕನ್ನಡ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದಾಗ ಅನೇಕರು ಶರಣರ ಹೆಸರನ್ನು ನೆನೆದಿರಬಹುದು. ಆದರೆ ಶರಣರು ನೆಟ್ಟದ್ದು ಗಡಿಗಲ್ಲನ್ನಲ್ಲ. ಅಲ್ಲಿಯ ಕನ್ನಡಿಗರ ಹಕ್ಕು ಹನ್ನೆರಡನೆಯ ಶತಮಾನದಿಂದ ಬಂದುದಲ್ಲ. ಅವರು ಇಂದು ಆಡುವ ನುಡಿಯಿಂದ ಬಂದುದು.

ಮಹಾಜನ ಆಯೋಗದ ವಿಷಯದಲ್ಲಿಯೂ ಎರಡೂ ಕಡೆಯ ಮಾತು ಅರ್ಧವೇ. ಮಹಾರಾಷ್ಟ್ರದ ಒತ್ತಾಯದಿಂದ 1966ರಲ್ಲಿ ಆಯೋಗ ರಚನೆಯಾಯಿತು. 1967ರಲ್ಲಿ ವರದಿ ಬಂದಾಗ ಕೇಳಿದವರೇ ಅದನ್ನು ನಿರಾಕರಿಸಿದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನಮ್ಮವರು ‘ಮಹಾಜನ ವರದಿಯೇ ಅಂತಿಮ’ ಎನ್ನುತ್ತಾರೆ. ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಬೇಕೆಂಬ ಭಾಗವನ್ನು ಗಟ್ಟಿಯಾಗಿ ಓದುತ್ತಾರೆ. ನಿಪ್ಪಾಣಿಯೂ ಸೇರಿ ಸುಮಾರು 260 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂಬ ಭಾಗ ಬಂದಾಗ ದನಿ ಇಳಿಯುತ್ತದೆ. ವರದಿಯನ್ನು ಒಪ್ಪುವುದಾದರೆ ಅದರ ಎರಡೂ ಪುಟಗಳನ್ನು ಒಪ್ಪಬೇಕು. 2022ರ ಡಿಸೆಂಬರಿನಲ್ಲಿ ಎರಡೂ ಶಾಸನಸಭೆಗಳು ಕೆಲವೇ ದಿನಗಳ ಅಂತರದಲ್ಲಿ ನಿರ್ಣಯ ಅಂಗೀಕರಿಸಿದವು: ಒಂದು ಅಂಗುಲವನ್ನೂ ಬಿಡೆವೆಂದು ಇಲ್ಲಿ, 865 ಹಳ್ಳಿಗಳ ಅಂಗುಲ ಅಂಗುಲವೂ ಬೇಕೆಂದು ಅಲ್ಲಿ. ನುಡಿ ಎರಡಾದರೂ ಭಾಷಣ ಒಂದೇ.

ಈ ಭಾಷಣದ ಬೆಲೆ ತೆರುವವರು ಯಾರು? ಬಸ್ಸಿಗೆ ಮಸಿ ಬಳಿದ ದಿನ ದಾರಿಯಲ್ಲಿ ಉಳಿಯುವವನು ಪ್ರಯಾಣಿಕ. ಲಾರಿಗೆ ಕಲ್ಲು ಬಿದ್ದ ದಿನ ನಷ್ಟ ಹೊರುವವನು ಬನಹಟ್ಟಿಯ ನೇಕಾರ, ಏಕೆಂದರೆ ಅವನ ಸೀರೆಗೆ ಮಹಾರಾಷ್ಟ್ರದಲ್ಲಿಯೂ ಗಿರಾಕಿಗಳುಂಟು. ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ಗುರುದೇವ ರಾನಡೆಯವರು ಮಹಾರಾಷ್ಟ್ರ ಸಂತರ ಅನುಭಾವವನ್ನು ಕುರಿತು ಬರೆದ ಲೇಖನಿಯಿಂದಲೇ ಕನ್ನಡ ಸಾಹಿತ್ಯದ ಪರಮಾರ್ಥಪಥವನ್ನೂ ವಿವರಿಸಿದರು. ಅವರ ಪರಮಗುರು ಪರಂಪರೆಯ ಉಮದಿ ಇಂದು ಜತ್ತ ತಾಲೂಕಿನಲ್ಲಿದೆ. ಅವರ ಸಾಧನೆಗೆ ಗಡಿ ಅಡ್ಡ ಬರಲಿಲ್ಲ.

ಗಡಿ ರಚನೆಯಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬುದು ಅದರ ಆಶಯ. ಆದ್ದರಿಂದ ಸದ್ಭಕ್ತರಾದ ವಾಚಕರು ಮುಂದಿನ ಚುನಾವಣೆಯಲ್ಲಿ ಚಾಲುಕ್ಯರ ಹೆಸರು ಹೇಳಿ ಮತ ಕೇಳಲು ಬಂದವರಿಗೆ ಎರಡು ಪ್ರಶ್ನೆ ಕೇಳಲಿ: ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಗೆ ನೀವು ಮಾಡಿದ್ದೇನು? ಬೆಳಗಾವಿಯ ಮರಾಠಿ ಶಾಲೆಗೆ ಮಾಡಿದ್ದೇನು? ಎರಡಕ್ಕೂ ಉತ್ತರ ಕೊಡಬಲ್ಲವನ ಬಾಯಲ್ಲಿ ಮಾತ್ರ ಇತಿಹಾಸ ಶೋಭಿಸೀತು.