ಚೆಂಡು ಹೊರಡುವ ಮೊದಲು: ಬೇಸ್‌ಬಾಲ್ ರಸಿಕರಿಗೊಂದು ಕೈಪಿಡಿ

ಒಂದು ರಾತ್ರಿಯ ಪಂದ್ಯ. ಒಂಬತ್ತನೇ ಇನಿಂಗ್ಸ್, ಇಬ್ಬರು ಔಟ್, ಒಂದೇ ರನ್ನಿನ ಅಂತರ. ಎರಡು ಮತ್ತು ಮೂರನೇ ಬೇಸ್‌ಗಳಲ್ಲಿ ಓಟಗಾರರು ತುದಿಗಾಲಲ್ಲಿ ನಿಂತಿದ್ದಾರೆ. ಕ್ಯಾಚರ್ ಎದ್ದು ಪಿಚರ್ ಹತ್ತಿರ ನಡೆದ, ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದ. ದೂರದಲ್ಲಿ ಬಲಗಡೆಯ ಫೀಲ್ಡರ್ ನಾಲ್ಕು ಹೆಜ್ಜೆ ಮುಂದೆ ಬಂದ. ಇಡೀ ಪಂದ್ಯದ ಜೀವ ಆ ಗಳಿಗೆಯಲ್ಲಿತ್ತು. ಕಾಮೆಂಟರಿ ಹೇಳುತ್ತಿದ್ದ ಇಬ್ಬರೂ ಹಿಂದಿನ ದಿನ ತಾವು ಮಾಡಿದ ಊಟದ ಸುದ್ದಿಯಲ್ಲಿ ಮುಳುಗಿದ್ದರು. ಬ್ಯಾಟಿಗೆ ಚೆಂಡು ತಾಗಿದ ಸದ್ದಾದ ಮೇಲೆ ಕಿರುಚಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ‘ಈ ಆಟದಲ್ಲಿ ಏನೂ ಆಗೋದೇ ಇಲ್ವಲ್ಲ’ ಅನ್ನುವುದಕ್ಕೆ ಇಂಥ ಮಾತೂ ಒಂದು ಕಾರಣ. ಬೇಸ್‌ಬಾಲಿನ ರಸವಿರುವುದು ಚೆಂಡು ಹೊರಡುವ ಮೊದಲಿನ ಗಳಿಗೆಯಲ್ಲಿ. ಅದನ್ನು ತೋರಿಸದ ಕಾಮೆಂಟರಿ ನಮ್ಮ ಕಣ್ಣು ಕಟ್ಟುತ್ತದೆ.

ಮೊದಲು ಎಣಿಕೆ ಹಿಡಿಯಿರಿ

ಬೀಸಿ ತಪ್ಪಿದ ಎಸೆತ, ಅಥವಾ ಸರಿಯಾದ ಜಾಗಕ್ಕೆ ಬಂದರೂ ಬೀಸದೆ ಬಿಟ್ಟ ಎಸೆತ ಸ್ಟ್ರೈಕ್; ಆ ಜಾಗದ ಹೊರಗೆ ಹೋದದ್ದನ್ನು ಬೀಸದೆ ಬಿಟ್ಟರೆ ಅದು ಬಾಲ್. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್. ನಾಲ್ಕು ಬಾಲ್ ಆದರೆ ಪುಕ್ಕಟೆಯಾಗಿ ಮೊದಲ ಬೇಸಿಗೆ. ಪಿಚರ್ ನಿಲ್ಲುವುದು 60 ಅಡಿ 6 ಅಂಗುಲ ದೂರದಲ್ಲಿ; ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಬಂದುಬಿಡುತ್ತದೆ. ಅಷ್ಟರಲ್ಲಿ ಯೋಚಿಸಲು ಪುರುಸೊತ್ತಿಲ್ಲ. ಯೋಚನೆಯೆಲ್ಲ ಎಸೆತಕ್ಕೆ ಮುಂಚೆಯೇ ನಡೆದಿರಬೇಕು.

ಮೂರು ಬಾಲ್, ಒಂದು ಸ್ಟ್ರೈಕ್ ಆಗಿದೆ ಅನ್ನಿ. ಈಗ ಪಿಚರ್ ಚೆಂಡನ್ನು ಸರಿಯಾದ ಜಾಗಕ್ಕೇ ಹಾಕಬೇಕಾದ ಇಕ್ಕಟ್ಟಿನಲ್ಲಿದ್ದಾನೆ, ಬ್ಯಾಟರ್ ಹೊಂಚುಹಾಕಿದ್ದಾನೆ. ಬಾಲ್ ಒಂದೂ ಇಲ್ಲದೆ ಎರಡು ಸ್ಟ್ರೈಕ್ ಆಗಿದ್ದರೆ ಪಿಚರನದೇ ಮೇಲುಗೈ. ಹೊರಗೆ ಹೋಗುವ ಚೆಂಡು ಹಾಕಿ ಆಸೆ ತೋರಿಸಬಹುದು. ಒಳ್ಳೆಯ ಕಾಮೆಂಟರಿ ಈ ಎಣಿಕೆ, ಓಟಗಾರರ ಜಾಗ, ಫೀಲ್ಡರುಗಳ ನಿಲುವು, ಮೂರನ್ನೂ ಎಸೆತಕ್ಕೆ ಮೊದಲೇ ನಿಮ್ಮ ಕೈಗಿಡುತ್ತದೆ. ಆಕಾಶವಾಣಿಯಲ್ಲಿ ಕ್ರಿಕೆಟ್ ಕೇಳುತ್ತ ಬೆಳೆದವರಿಗೆ ಈ ರುಚಿ ಹೊಸದಲ್ಲ.

ಮೌನಕ್ಕೆ ಕಿವಿಗೊಡಿ

ಕಿವಿ ಪಳಗಿಸಿಕೊಳ್ಳಲು ವಿನ್ ಸ್ಕಲ್ಲಿ ಅವರಿಂದ ಶುರುಮಾಡಿ. 1950ರಿಂದ 2016ರವರೆಗೆ, 67 ಋತುಗಳ ಕಾಲ, ಅವರು ಡಾಡ್ಜರ್ಸ್ ತಂಡದ ದನಿಯಾಗಿದ್ದರು. ತಂಡ 1958ರಲ್ಲಿ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂದಾಗ, ಕ್ರೀಡಾಂಗಣದಲ್ಲಿ ಕೂತವರೇ ಟ್ರಾನ್ಸಿಸ್ಟರ್ ತಂದು ಅವರ ಮಾತು ಕೇಳುತ್ತಿದ್ದರು. ಕಣ್ಣೆದುರಿನ ಆಟವನ್ನೂ ಅವರ ಮಾತಿನಲ್ಲಿ ನೋಡಬೇಕು ಅನ್ನಿಸುತ್ತಿತ್ತು.

1988ರ ವರ್ಲ್ಡ್ ಸೀರೀಸ್‌ನ, ಅಂದರೆ ಋತುವಿನ ಅಂತಿಮ ಸರಣಿಯ, ಮೊದಲ ಪಂದ್ಯದ ಕೊನೆಯನ್ನು ಹುಡುಕಿ ಕೇಳಿ. ಡಾಡ್ಜರ್ಸ್ ಒಂದು ರನ್ ಹಿಂದೆ, ಇಬ್ಬರು ಔಟ್. ಎರಡೂ ಕಾಲಿಗೆ ಪೆಟ್ಟಾಗಿದ್ದ ಕರ್ಕ್ ಗಿಬ್ಸನ್ ಕುಂಟುತ್ತ ಬಂದರು. ಸ್ಕಲ್ಲಿ ಆ ಕಾಲುಗಳ ಪಾಡನ್ನು, ಎಣಿಕೆ ಒಂದೊಂದೇ ಏರುವುದನ್ನು ಸಾವಧಾನವಾಗಿ ಹೇಳುತ್ತ ಹೋದರು. ಎಣಿಕೆ ಮೂರು-ಎರಡಕ್ಕೆ ಬಂತು. ಎದುರಾಳಿ ಪಿಚರ್ ಡೆನಿಸ್ ಎಕರ್ಸ್ಲಿ ಎಸೆದ ಚೆಂಡನ್ನು ಗಿಬ್ಸನ್ ಬಲಗಡೆಯ ಪ್ರೇಕ್ಷಕರ ನಡುವೆ ಕಳಿಸಿದರು. ಹೋಮ್ ರನ್! ಚೆಂಡು ಹೋಯಿತು ಎಂದಷ್ಟೇ ಹೇಳಿ ಸ್ಕಲ್ಲಿ ಒಂದು ನಿಮಿಷಕ್ಕೂ ಮಿಕ್ಕಿ ಮಾತಾಡಲಿಲ್ಲ. ಜನರ ಭೋರ್ಗರೆತವೇ ಮಾತಾಯಿತು. ಮೊದಲೇ ಎಲ್ಲವನ್ನೂ ಹೇಳಿಟ್ಟವರಿಗೆ ಮಾತ್ರ ಅಂಥ ಮೌನ ದಕ್ಕುತ್ತದೆ.

ಅದಲುಬದಲನ್ನು ಅಳೆಯುವುದು ಹೇಗೆ?

ಜುಲೈ ಮುಗಿಯುವ ಹೊತ್ತಿಗೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಭರಾಟೆ ಜೋರಾಗುತ್ತದೆ. ಕೆಟ್ಟ ಟ್ರೇಡ್ ಅಭಿಮಾನಿಯ ಹೊಟ್ಟೆಗೆ ಬೆಂಕಿ ಹಾಕುತ್ತದೆ. ಅದನ್ನು ಬೈಯುವ ಮೊದಲೂ ಆ ‘ಮೊದಲಿನ ಗಳಿಗೆ’ಯನ್ನು ನೋಡಬೇಕು: ಆ ದಿನ ಏನು ತಿಳಿದಿತ್ತು? ತಂಡಕ್ಕೆ ಏನು ಬೇಕಿತ್ತು?

1964ರ ಜೂನ್ 15ರಂದು ಷಿಕಾಗೊ ಕಬ್ಸ್ ತಂಡ ಲೂ ಬ್ರಾಕ್ ಅವರನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟು, ಪಿಚರ್ ಅರ್ನಿ ಬ್ರೊಗ್ಲಿಯೊ ಅವರನ್ನು ಪಡೆಯಿತು. ಬ್ರೊಗ್ಲಿಯೊ ಹಿಂದಿನ ವರ್ಷ 18 ಪಂದ್ಯ ಗೆದ್ದವರು. ಆದರೆ ಅವರ ಮೊಣಕೈ ಕೈಕೊಟ್ಟಿತು. ಅವರಿಂದ ಕಬ್ಸ್‌ಗೆ ದಕ್ಕಿದ್ದು ಒಟ್ಟು 7 ಗೆಲುವು. ಬ್ರಾಕ್ ಬಂದ ವರ್ಷವೇ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಬ್ರಾಕ್ ತಮ್ಮ ಆಟದ ಬದುಕಿನಲ್ಲಿ 938 ಬೇಸ್ ಕದ್ದರು, ಅಂದರೆ ಬ್ಯಾಟರ್ ಹೊಡೆಯುವುದಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ಸೇರಿದರು. ಕೊಟ್ಟು ಕೆಟ್ಟವರ ಕಥೆ ಇದು.

ಇನ್ನೊಂದು ನೋಡಿ. 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡ 20 ವರ್ಷದ ಜಾನ್ ಸ್ಮೋಲ್ಟ್ಸ್ ಅವರನ್ನು ಅಟ್ಲಾಂಟಾಗೆ ಕೊಟ್ಟು ಪಿಚರ್ ಡಾಯ್ಲ್ ಅಲೆಕ್ಸಾಂಡರ್ ಅವರನ್ನು ತಂದಿತು. ಸ್ಮೋಲ್ಟ್ಸ್ 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಹಾಗಾದರೆ ಡೆಟ್ರಾಯಿಟ್ ಮೋಸಹೋಯಿತೇ? ಅಲೆಕ್ಸಾಂಡರ್ ಆ ಋತುವಿನ ಉಳಿದ ಭಾಗದಲ್ಲಿ 9 ಪಂದ್ಯ ಗೆದ್ದರು, ಒಂದೂ ಸೋಲಲಿಲ್ಲ. ಡೆಟ್ರಾಯಿಟ್ ತನ್ನ ವಿಭಾಗವನ್ನು ಗೆದ್ದದ್ದು ಕೇವಲ ಎರಡು ಪಂದ್ಯಗಳ ಅಂತರದಲ್ಲಿ. ಕೇಳಿದ್ದು ಸಿಕ್ಕಿತು, ತೆತ್ತ ಬೆಲೆ ಮಾತ್ರ ದೊಡ್ಡದು. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಬಲ್ಲವರೇ ರಸಿಕರು.

ಇನ್ನೊಂದು ಮಾತು ಮರೆಯಬಾರದು. ಕೈಬದಲಾಗುವುದು ಸರಕಲ್ಲ, ಮನುಷ್ಯ. ಸೇಂಟ್ ಲೂಯಿಸ್‌ನಲ್ಲಿ 12 ಋತು ಆಡಿದ ಕರ್ಟ್ ಫ್ಲಡ್ ಅವರನ್ನು 1969ರಲ್ಲಿ ಫಿಲಡೆಲ್ಫಿಯಾಗೆ ದಾಟಿಸಿದಾಗ ಅವರು ಹೋಗಲೊಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1972ರಲ್ಲಿ ಸೋತರು. ಆದರೆ ಟ್ರೇಡ್ ಸುದ್ದಿ ಕೇಳಿದಾಗಲೆಲ್ಲ, ಯಾರ ಮನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದಾರೆ ಎಂದು ಕೇಳಿಕೊಳ್ಳುವುದನ್ನು ನನಗೆ ಕಲಿಸಿದವರು ಅವರು.

ಮನೆಪಾಠ

ಒಂದು ಇನಿಂಗ್ಸ್ ಟಿವಿಯ ದನಿ ಪೂರ್ತಿ ನಿಲ್ಲಿಸಿ ನೋಡಿ. ಪ್ರತಿ ಎಸೆತಕ್ಕೂ ಮುಂಚೆ ಎಣಿಕೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಿ, ಫೀಲ್ಡರುಗಳ ಕಾಲು ಗಮನಿಸಿ. ಮುಂದಿನ ಇನಿಂಗ್ಸನ್ನು ರೇಡಿಯೊದಲ್ಲಿ ಕಣ್ಮುಚ್ಚಿ ಕೇಳಿ. ನೀವೇ ಕಂಡದ್ದನ್ನು ಹೇಳದ ಕಾಮೆಂಟರಿ ಯಾವುದೆಂದು ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ರಾತ್ರಿ ಚೆಂಡು ಬಲಗಡೆಗೆ ಮೆಲ್ಲಗೆ ಹಾರಿ ಬೇಗ ಇಳಿಯತೊಡಗಿತು. ಫೀಲ್ಡರ್ ಓಡಿಬಂದು ಮೊಣಕಾಲೆತ್ತರದಲ್ಲಿ ಹಿಡಿದ, ಪಂದ್ಯ ಮುಗಿಯಿತು. ‘ಎಂಥ ಅದೃಷ್ಟ!’ ಎಂದರು ಕಾಮೆಂಟರಿಯವರು. ಅವನು ಮುಂದಿಟ್ಟ ಆ ನಾಲ್ಕು ಹೆಜ್ಜೆಯನ್ನು ಅವರು ನೋಡಿರಲಿಲ್ಲ. ಇನ್ನು ಮೇಲೆ ನೀವು ನೋಡುತ್ತೀರಿ.